ಹಳ್ಳಿ ವ್ಯಾಪಾರದಲ್ಲಿ ತಕರಾರು ಬಂದಾಗ: ತಡಮಾಡದೆ ಕಾನೂನು ಸಲಹೆ ಪಡೆಯಲು ಸಮಗ್ರ ಮಾರ್ಗದರ್ಶಿ

ಹಳ್ಳಿಯಲ್ಲಿ ವ್ಯಾಪಾರ ಮಾಡುವವರು ವಕೀಲರ ಹತ್ತಿರ ಹೋಗುವುದು ಬಹಳ ತಡವಾಗಿ. ಕಾರಣ ಎಲ್ಲರಿಗೂ ಗೊತ್ತು. ದುಡ್ಡು ಕೊಡಬೇಕಾದವರು ಹೊರಗಿನವರಲ್ಲ. ನೆಂಟರೋ, ಪಕ್ಕದ ಜಮೀನಿನವರೋ, ಊರ ಜಾತ್ರೆಯಲ್ಲಿ ಜೊತೆಗೆ ತೇರು ಎಳೆಯುವವರೋ ಆಗಿರುತ್ತಾರೆ. ವಕೀಲರ ಮನೆ ಮೆಟ್ಟಿಲು ಹತ್ತಿದ ಸುದ್ದಿ ಸಂಜೆಯೊಳಗೆ ಊರೆಲ್ಲ ಹರಡುತ್ತದೆ. ಹಾಗಾಗಿ ಸುಗ್ಗಿ ಮುಗಿಯಲಿ, ಅವರ ಮಗಳ ಮದುವೆ ಆಗಲಿ, ಯುಗಾದಿ ಕಳೆಯಲಿ ಅಂತ ಕಾಯುತ್ತಾರೆ.

ಹೀಗೆ ಕಾಯುತ್ತಿರುವಾಗ ಕಾನೂನಿನ ಗಡುವು ದಾಟಿಹೋಗುತ್ತದೆ. ತೂಕದ ಚೀಟಿ ಕಳೆದುಹೋಗುತ್ತದೆ. ಮಾತುಕತೆ ಆದಾಗ ಅಲ್ಲೇ ಇದ್ದವರು 'ನನಗೆ ನೆನಪಿಲ್ಲ' ಅನ್ನುತ್ತಾರೆ. ಕೊನೆಗೆ ವಕೀಲರ ಮುಂದೆ ಕೂತಾಗ ನ್ಯಾಯ ನಿಮ್ಮ ಕಡೆ ಇದ್ದರೂ ದಾರಿ ಉಳಿದಿರುವುದಿಲ್ಲ.

ಸಲಹೆ ಕೇಳುವುದು ಬೇರೆ, ಕೇಸು ಹಾಕುವುದು ಬೇರೆ. ವಕೀಲರ ಜೊತೆ ಒಂದು ಗಂಟೆ ಕೂತು ಬಂದ ಮಾತ್ರಕ್ಕೆ ಯಾರ ಮೇಲೂ ದಾವೆ ಆಗುವುದಿಲ್ಲ, ಎದುರಿನವರಿಗೆ ಸುದ್ದಿಯೂ ಹೋಗುವುದಿಲ್ಲ. ನೀವು ಹೇಳಿದ್ದನ್ನು ಗುಟ್ಟಾಗಿ ಇಡುವುದು ವಕೀಲರ ಕರ್ತವ್ಯ. ಸಂಬಂಧ ಉಳಿಸಿಕೊಳ್ಳಬೇಕು ಅನ್ನುವವರಿಗೇ ಈ ಭೇಟಿ ಬೇಗ ಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಮ್ಮ ಹಕ್ಕು ಎಷ್ಟು, ಕಾಯಲು ಸಮಯ ಎಷ್ಟಿದೆ ಅಂತ ಗೊತ್ತಿದ್ದರೆ ಮಾತುಕತೆಯಲ್ಲಿ ಸಿಟ್ಟು ಕಡಿಮೆ ಇರುತ್ತದೆ.

ಇಲ್ಲಿರುವುದು ಕರ್ನಾಟಕದ ಹಳ್ಳಿ, ಹೋಬಳಿ, ತಾಲ್ಲೂಕು ಮಟ್ಟದ ಸಣ್ಣ ವ್ಯಾಪಾರಗಳಿಗೆ ಹೊಂದುವ ದಾರಿ.

ಹಂತ 1: ಯಾವಾಗ ಹೋಗಬೇಕು ಅಂತ ಗುರುತಿಸಿ

ಜಗಳ ಆದ ಮೇಲೆ ಹೋಗುವುದಲ್ಲ. ಅದಕ್ಕೂ ಮೊದಲೇ ಸೂಚನೆ ಸಿಗುತ್ತದೆ.

ಅಡಿಕೆ ಚೇಣಿಯನ್ನೇ, ಅಂದರೆ ತೋಟದ ಫಸಲನ್ನು ಗುತ್ತಿಗೆಗೆ ಕೊಡುವುದನ್ನೇ ತೆಗೆದುಕೊಳ್ಳಿ. ಫಸಲು ಮರದಲ್ಲಿ ಇರುವಾಗಲೇ ಚೇಣಿದಾರರ ಜೊತೆ ಮಾತಾಗಿರುತ್ತದೆ. ಮುಂಗಡ ಕೊಟ್ಟಿರುತ್ತಾರೆ. ಅವರೇ ಕೊಯ್ದು, ಸುಲಿದು, ಬೇಯಿಸಿ, ಒಣಗಿಸುತ್ತಾರೆ. ಹಸಿ ಅಡಿಕೆ ಇಷ್ಟು ತೂಗಿದರೆ ಒಣ ಅಡಿಕೆ ಇಷ್ಟು ಅಂತ ಲೆಕ್ಕ. ಎಲ್ಲ ಬಾಯಿಮಾತು. ಮೂರನೇ ಕೊಯ್ಲು ಮುಗಿದ ಮೇಲೂ ತೂಕದ ಲೆಕ್ಕ ಕೊಡದೆ 'ರೇಟು ಏರಲಿ, ಒಟ್ಟಿಗೆ ನೋಡೋಣ' ಅನ್ನುತ್ತಾರೆ. ಸೂಚನೆ ಅದೇ. ಆಗಲೇ ಹೋಗಬೇಕು, ಚೇಣಿದಾರರು ಫೋನ್ ಎತ್ತುವುದನ್ನು ನಿಲ್ಲಿಸಿದ ಮೇಲಲ್ಲ.

ಇಬ್ಬರು ಸ್ನೇಹಿತರು ಸೇರಿ ಜೆಸಿಬಿ ತೆಗೆದುಕೊಳ್ಳುವುದು ಈಗ ಎಲ್ಲ ಕಡೆ ಇದೆ. ಆರ್‌ಸಿ ಒಬ್ಬರ ಹೆಸರಲ್ಲಿ, ಸಾಲದ ಜಾಮೀನು ಇನ್ನೊಬ್ಬರದ್ದು. ಬಾಡಿಗೆ ದುಡ್ಡು ಒಬ್ಬರ ಫೋನ್‌ಪೇಗೆ ಬರುತ್ತದೆ. ಲೆಕ್ಕ ಕೇಳಿದಾಗ 'ನಂಬಿಕೆ ಇಲ್ವಾ?' ಎಂಬ ಪ್ರಶ್ನೆ ಬಂದ ದಿನವೇ ಸಲಹೆ ಕೇಳುವ ದಿನ.

ಇನ್ನು ಕೆಲವು ಸಂದರ್ಭಗಳಲ್ಲಿ ಯೋಚನೆಯೇ ಬೇಡ, ಅವತ್ತೇ ಹೊರಡಿ. ಚೆಕ್ ವಾಪಸ್ ಬಂದಾಗ, ವಕೀಲರ ನೋಟಿಸ್ ಅಥವಾ ಕೋರ್ಟಿನ ಸಮನ್ಸ್ ಬಂದಾಗ, ನಿಮ್ಮ ಅಂಗಡಿಗೆ ಯಾರೋ ಬೀಗ ಜಡಿದಾಗ, ಖಾಲಿ ಕಾಗದಕ್ಕೋ ಖಾಲಿ ಚೆಕ್ಕಿಗೋ ಸಹಿ ಕೇಳಿದಾಗ, ಹಣ ಕೊಡಬೇಕಾದವರು ಜಮೀನು ಮಾರಲು ಓಡಾಡುತ್ತಿದ್ದಾರೆ ಅಂತ ಕಿವಿಗೆ ಬಿದ್ದಾಗ. ಈ ಕೊನೆಯದನ್ನು ಹಲವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸಾಲಗಾರರು ಹಣ ತಪ್ಪಿಸಲೆಂದೇ ಆಸ್ತಿ ಮಾರುತ್ತಿದ್ದರೆ, ದಾವೆ ಹಾಕಿ ತೀರ್ಪಿಗೆ ಮೊದಲೇ ಆಸ್ತಿ ಜಪ್ತಿ ಮಾಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಅವಕಾಶವಿದೆ. ಆಸ್ತಿ ಕೈ ಬದಲಾದ ಮೇಲೆ ಕೆಲಸ ತುಂಬ ಕಷ್ಟ.

ಹಂತ 2: ಅವತ್ತಿನಿಂದ ಕೆಲವನ್ನು ಮಾಡಬೇಡಿ

ಯಾವ ಹೊಸ ಕಾಗದಕ್ಕೂ ಸಹಿ ಹಾಕಬೇಡಿ. 'ಸುಮ್ನೆ ಲೆಕ್ಕಕ್ಕೆ' ಅಂದರೂ ಬೇಡ. ಮೂಲ ಚೀಟಿ, ಮೂಲ ಕರಾರು ಪತ್ರ ಯಾರ ಕೈಗೂ ಕೊಡಬೇಡಿ, ಜೆರಾಕ್ಸ್ ಕೊಡಿ. ವಾಟ್ಸಾಪ್ ಮೆಸೇಜು, ಆಡಿಯೊ ಅಳಿಸಬೇಡಿ. ಹೊಸ ಫೋನ್ ತೆಗೆದುಕೊಂಡರೂ ಹಳೆಯದನ್ನು ಮಾರಬೇಡಿ.

ಖಾಲಿ ಚೆಕ್ ವಿಷಯವನ್ನು ಒತ್ತಿ ಹೇಳಬೇಕು. ಬಿತ್ತನೆ ಬೀಜ, ಗೊಬ್ಬರ, ಕೋಳಿ ಆಹಾರ ಸಾಲಕ್ಕೆ ತರುವಾಗ ಭದ್ರತೆಗೆ ಅಂತ ಸಹಿ ಹಾಕಿದ ಖಾಲಿ ಚೆಕ್ ಕೊಡುವ ರೂಢಿ ಇದೆ. ಮೊತ್ತ ನಾನು ಬರೆದದ್ದಲ್ಲ, ಹಾಗಾಗಿ ನಡೆಯುವುದಿಲ್ಲ ಅಂತ ಬಹಳ ಜನ ನಂಬಿದ್ದಾರೆ. ಅದು ತಪ್ಪು. ಸಹಿ ನಿಮ್ಮದೇ ಅಂತ ಒಪ್ಪಿದರೆ, ಸಾಲ ತೀರಿಸಲೆಂದೇ ಆ ಚೆಕ್ ಕೊಟ್ಟಿದ್ದೀರಿ ಅಂತ ಕಾನೂನು ಊಹಿಸುತ್ತದೆ. ಖಾಲಿ ಇದ್ದ ಜಾಗವನ್ನು ಬೇರೆಯವರು ತುಂಬಿದ್ದರೂ ಈ ಊಹೆ ನಿಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಅಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ ಬೀಳುತ್ತದೆ. ಈಗಾಗಲೇ ಕೊಟ್ಟಿದ್ದರೆ ಚೆಕ್ಕಿನ ನಂಬರು, ಯಾರಿಗೆ, ಯಾವಾಗ, ಯಾವ ಕಾರಣಕ್ಕೆ ಅಂತ ಬರೆದಿಟ್ಟು ವಕೀಲರಿಗೆ ಮೊದಲೇ ಹೇಳಿ.

ಸಿಟ್ಟಿನಲ್ಲಿ ಎದುರಿನವರ ಮಾಲು ಎತ್ತಿಕೊಂಡು ಬರುವುದು, ಟ್ರ್ಯಾಕ್ಟರ್ ತಡೆದು ನಿಲ್ಲಿಸುವುದು ಬೇಡವೇ ಬೇಡ. ದುಡ್ಡು ಬರಬೇಕಾದವರು ನೀವೇ ಆಗಿದ್ದರೂ ಆರೋಪಿ ನೀವಾಗುತ್ತೀರಿ.

ಹಂತ 3: ಒಂದು ಪುಟದ ಕಥೆ, ಒಂದು ಫೈಲು

ವಕೀಲರ ಸಮಯ ಉಳಿದಷ್ಟೂ ನಿಮಗೆ ಒಳ್ಳೆಯ ಸಲಹೆ ಸಿಗುತ್ತದೆ. ಹೋಗುವ ಮೊದಲು ಒಂದೇ ಪುಟದಲ್ಲಿ ನಡೆದದ್ದನ್ನು ತಾರೀಕಿನ ಪ್ರಕಾರ ಬರೆಯಿರಿ. ವ್ಯವಹಾರ ಶುರುವಾದದ್ದು ಯಾವತ್ತು, ಮಾತು ಏನಾಗಿತ್ತು, ಯಾರು ಇದ್ದರು, ಎಷ್ಟು ಮಾಲು ಹೋಯಿತು, ಎಷ್ಟು ದುಡ್ಡು ಬಂತು, ಕೊನೆಯ ಬಾರಿ ದುಡ್ಡು ಬಂದದ್ದು ಯಾವಾಗ, ಕೊನೆಯ ಬಾರಿ ಅವರು 'ಕೊಡ್ತೀನಿ' ಅಂದದ್ದು ಯಾವಾಗ. ತಾರೀಕು ನೆನಪಿಲ್ಲದಿದ್ದರೆ 'ಗೌರಿ ಹಬ್ಬದ ಹಿಂದಿನ ವಾರ' ಅಂತ ಬರೆದರೂ ಆಯಿತು, ಕ್ಯಾಲೆಂಡರ್ ನೋಡಿ ಸರಿಮಾಡಬಹುದು. ನಿಮ್ಮ ಕಡೆ ತಪ್ಪಿದ್ದರೆ ಅದನ್ನೂ ಬರೆಯಿರಿ. ಮಾಲು ತಡವಾಗಿ ಕಳಿಸಿದ್ದು, ತೇವ ಜಾಸ್ತಿ ಇದ್ದದ್ದು, ಮುಂಗಡದಲ್ಲಿ ಸ್ವಲ್ಪ ವಾಪಸ್ ಕೊಡದೆ ಇದ್ದದ್ದು, ಎಲ್ಲ. ಎದುರು ಪಕ್ಷದ ನೋಟಿಸಿನಲ್ಲಿ ಅದನ್ನು ಮೊದಲ ಸಲ ಓದುವ ವಕೀಲರು ನಿಮಗೆ ಸಹಾಯ ಮಾಡಲಾರರು.

ಫೈಲಿನಲ್ಲಿ ಏನಿರಬೇಕು ಅನ್ನುವುದು ವ್ಯಾಪಾರದ ಮೇಲೆ ಹೋಗುತ್ತದೆ. ಎಪಿಎಂಸಿ ಮಾರಾಟ ಆದರೆ ತೂಕದ ಚೀಟಿ, ಲೆಕ್ಕ ಪಟ್ಟಿ, ಖರೀದಿದಾರರ ಲೈಸೆನ್ಸ್ ವಿವರ. ಬಿಳಿ ಚೀಟಿಯಲ್ಲಿ ಬರೆದು ಕೊಟ್ಟಿದ್ದರೆ ಅದನ್ನೂ ಎಸೆಯಬೇಡಿ. ಅಧಿಕೃತ ರಸೀದಿಯಷ್ಟು ಬಲ ಅದಕ್ಕಿಲ್ಲ, ಆದರೂ ಕೈಬರಹ ಅವರದ್ದೇ ಇರುತ್ತದಲ್ಲ. ಮಳಿಗೆ, ಶೆಡ್ ವಿಷಯ ಆದರೆ ಬಾಡಿಗೆ ಕರಾರು, ಕರೆಂಟ್ ಬಿಲ್, ಪಂಚಾಯಿತಿ ಪರವಾನಗಿ, ತೆರಿಗೆ ರಸೀದಿ. ಜಮೀನು ಸೇರಿದ್ದರೆ ಪಹಣಿ, ನಕ್ಷೆ. ಎಲ್ಲದರ ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್.

ಅಂಗಡಿಯ ಲೆಕ್ಕದ ಪುಸ್ತಕದ ಬಗ್ಗೆ ಒಂದು ಮಾತು. ನಾವು ಬರೆದ ಖಾತೆ ಪುಸ್ತಕ ಸಾಕ್ಷ್ಯವಾಗುತ್ತದೆ, ನಿಜ. ಆದರೆ ಅದೊಂದರ ಮೇಲೆಯೇ ಎದುರಿನವರು ಸಾಲಗಾರರು ಅಂತ ಕೋರ್ಟ್ ತೀರ್ಮಾನಿಸಲಾರದು. ಜೊತೆಗೆ ಬೇರೆ ಪುರಾವೆ ಬೇಕು. ಹಾಗಾಗಿ ಉದ್ರಿ ಖಾತೆಯಲ್ಲಿ ಗಿರಾಕಿಯ ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಬಹಳ ದೊಡ್ಡದು.

ವಾಟ್ಸಾಪ್ ಚಾಟ್, ಕಾಲ್ ರೆಕಾರ್ಡಿಂಗ್ ಕೂಡ ಸಾಕ್ಷ್ಯವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ದಾಖಲೆಯ ಪ್ರತಿ ಹಾಜರುಪಡಿಸುವಾಗ ಜೊತೆಗೆ ಪ್ರಮಾಣಪತ್ರ ಬೇಕಾಗುತ್ತದೆ. ಅದನ್ನು ವಕೀಲರು ಮಾಡಿಸುತ್ತಾರೆ. ನಿಮ್ಮ ಕೆಲಸ ಮೂಲ ಫೋನನ್ನು ಹಾಗೇ ಉಳಿಸುವುದು. ಸ್ಕ್ರೀನ್‌ಶಾಟ್ ಮಾತ್ರ ಇಟ್ಟುಕೊಂಡು ಚಾಟ್ ಅಳಿಸಿದರೆ ಮುಂದೆ ತೊಂದರೆ.

ಹಂತ 4: ಗಡುವು ಎಣಿಸಿ

ಈ ಹಂತದಲ್ಲಿ ಅವಸರ ಬೇಡ, ನಿಧಾನವಾಗಿ ಓದಿ. ಬೇಗ ಸಲಹೆ ಕೇಳಿ ಅಂತ ಹೇಳುವುದಕ್ಕೆ ದೊಡ್ಡ ಕಾರಣ ಇರುವುದು ಇಲ್ಲಿಯೇ.

ಮಾಲು ಕೊಟ್ಟು ದುಡ್ಡು ಬರಬೇಕಾಗಿದ್ದರೆ ದಾವೆ ಹಾಕಲು ಕಾಲಮಿತಿ ಕಾಯ್ದೆಯಲ್ಲಿ 3 ವರ್ಷ ಇದೆ. ಕೊಡುವ ದಿನ ಗೊತ್ತುಮಾಡಿರದಿದ್ದರೆ ಮಾಲು ಕೊಟ್ಟ ದಿನದಿಂದ ಲೆಕ್ಕ. 'ಎರಡು ತಿಂಗಳ ಉದ್ರಿ' ಅಂತ ಮಾತಾಗಿದ್ದರೆ ಆ ಎರಡು ತಿಂಗಳು ಮುಗಿದ ದಿನದಿಂದ. ವರ್ಷಗಟ್ಟಲೆ ಲೋಡು ಕಳಿಸುತ್ತಾ ಬಂದವರು ಎಲ್ಲದಕ್ಕೂ ಕೊನೆಯ ಲೋಡಿನಿಂದಲೇ ಲೆಕ್ಕ ಅಂದುಕೊಳ್ಳುತ್ತಾರೆ. ಹಾಗಲ್ಲದೆಯೂ ಇರಬಹುದು. ಹಳೆಯ ಲೋಡುಗಳ ಗಡುವು ಆಗಲೇ ಮುಗಿದಿರಬಹುದು. ವಕೀಲರಿಗೆ ಪ್ರತಿ ಲೋಡಿನ ತಾರೀಕು ಕೊಟ್ಟು ಕೇಳಿ.

ಈ 3 ವರ್ಷ ಮತ್ತೆ ಹೊಸದಾಗಿ ಶುರುವಾಗುವ ದಾರಿಯೂ ಇದೆ. ಗಡುವು ಮುಗಿಯುವ ಮೊದಲು ಸಾಲಗಾರರು 'ಇಷ್ಟು ಬಾಕಿ ಇದೆ' ಅಂತ ಬರೆದು ಸಹಿ ಹಾಕಿದರೆ, ಆ ದಿನದಿಂದ ಹೊಸ ಲೆಕ್ಕ. ಸ್ವಲ್ಪ ದುಡ್ಡು ಕಟ್ಟಿದರೂ ಹಾಗೆಯೇ, ಆದರೆ ಕಟ್ಟಿದ್ದಕ್ಕೆ ಅವರ ಕೈಬರಹವೋ ಸಹಿಯೋ ಇರಬೇಕು. ಬಾಯಲ್ಲಿ ಹತ್ತು ಸಲ 'ಕೊಡ್ತೀನಿ' ಅಂದರೂ ಗಡುವು ಒಂದು ದಿನ ಮುಂದೆ ಹೋಗುವುದಿಲ್ಲ. ಸಂಬಂಧ ಕೆಡಿಸದೆ ಕೆಲಸ ಆಗಬೇಕು ಅನ್ನುವವರಿಗೆ ಬಾಕಿ ಬರೆಸಿ ಸಹಿ ಹಾಕಿಸಿಕೊಳ್ಳುವುದಕ್ಕಿಂತ ಒಳ್ಳೆಯ ಉಪಾಯ ಇಲ್ಲ. 'ದುಡ್ಡು ಈಗ ಬೇಡ, ಲೆಕ್ಕಕ್ಕೆ ಒಂದು ಸಹಿ ಹಾಕಿಕೊಡಿ' ಅಂತ ಕೇಳಿ. ಕೊಡುವ ಮನಸ್ಸಿದ್ದವರು ಹಾಕುತ್ತಾರೆ. ಹಾಕದವರ ಮನಸ್ಸೂ ನಿಮಗೆ ಗೊತ್ತಾಗುತ್ತದೆ.

ಚೆಕ್ ಬೌನ್ಸ್ ಆದರೆ ದಿನಗಳ ಲೆಕ್ಕ ಇನ್ನೂ ಬಿಗಿ. ಚೆಕ್ಕನ್ನು ಅದರ ಮೇಲಿನ ತಾರೀಕಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸ್ ಬಂತು ಅಂತ ಬ್ಯಾಂಕಿನಿಂದ ತಿಳಿದ 30 ದಿನದೊಳಗೆ ಚೆಕ್ಕಿನ ಮೊತ್ತ ಕೇಳಿ ಲಿಖಿತ ನೋಟಿಸ್ ಕೊಡಬೇಕು. ನೋಟಿಸ್ ಸಿಕ್ಕಿದ ಮೇಲೆ ದುಡ್ಡು ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಇದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ. ಶಿಕ್ಷೆ 2 ವರ್ಷದವರೆಗೆ ಜೈಲು, ಇಲ್ಲವೇ ಚೆಕ್ಕಿನ ಮೊತ್ತದ ಎರಡು ಪಟ್ಟಿನವರೆಗೆ ದಂಡ, ಇಲ್ಲವೇ ಎರಡೂ. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕೋರ್ಟನ್ನು ಕೇಳಬಹುದು. ನೋಟಿಸಿನ 30 ದಿನ ತಪ್ಪಿದರೆ ಆ ಅವಕಾಶ ಇಲ್ಲ. ಆದರೂ ಚೆಕ್ಕಿನ 3 ತಿಂಗಳು ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ, ಅದು ವಾಪಸ್ ಬಂದ ಮೇಲೆ ಹೊಸದಾಗಿ ನೋಟಿಸ್ ಕೊಡಬಹುದು. ದೂರದ ಊರಿನ ವ್ಯಾಪಾರಿ ಚೆಕ್ ಕೊಟ್ಟಿದ್ದರೂ ಅಲ್ಲಿಗೆ ಅಲೆಯಬೇಕಿಲ್ಲ. ನಿಮ್ಮ ಖಾತೆಗೆ ಹಾಕಿದ್ದರೆ, ಆ ಖಾತೆ ಇರುವ ಬ್ಯಾಂಕ್ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ಕೊಡಬಹುದು. 2015ರ ತಿದ್ದುಪಡಿಯಿಂದ ಈ ಅನುಕೂಲ ಬಂದಿದೆ.

ನಿಮ್ಮ ಸ್ವಾಧೀನದಲ್ಲಿದ್ದ ಮಳಿಗೆ, ಗೋದಾಮಿನಿಂದ ಕಾನೂನು ಕ್ರಮ ಇಲ್ಲದೆ ಹೊರಹಾಕಿದರೆ 6 ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂನಲ್ಲಿ ದಾವೆ ಹಾಕಬಹುದು. ಆ ದಾವೆಯಲ್ಲಿ ಮಾಲೀಕರು ಯಾರು ಎಂಬ ದೊಡ್ಡ ಪ್ರಶ್ನೆಗೆ ಹೋಗದೆ ಸ್ವಾಧೀನ ವಾಪಸ್ ಕೇಳಬಹುದು. 6 ತಿಂಗಳು ದಾಟಿದರೆ ಈ ಸುಲಭದ ದಾರಿ ಮುಚ್ಚುತ್ತದೆ.

ಕಳಪೆ ಬೀಜ, ಕೆಟ್ಟ ಪಂಪ್‌ಸೆಟ್, ಹಿಟ್ಟಿನ ಗಿರಣಿ ಯಂತ್ರದ ದೋಷ ಇಂಥವಕ್ಕೆ ಗ್ರಾಹಕ ಆಯೋಗ ಇದೆ. ಅಲ್ಲಿ ಗಡುವು 2 ವರ್ಷ.

ಹಂತ 5: ಯಾವ ಬಾಗಿಲು ತಟ್ಟಬೇಕು ಅಂತ ಕೇಳಿ ತಿಳಿಯಿರಿ

ಎಲ್ಲ ತಕರಾರಿಗೂ ಕೋರ್ಟೇ ಅಲ್ಲ. ತಪ್ಪು ಕಡೆ ಹೋಗಿ ವರ್ಷ ಕಳೆದರೆ ಮತ್ತೆ ಮೊದಲಿನಿಂದ ಶುರುಮಾಡಬೇಕು. ಹಾಗಾಗಿ ವಕೀಲರಿಗೆ ಕೇಳುವ ಮೊದಲ ಪ್ರಶ್ನೆ ಇದಾಗಲಿ.

ಹಾಲು ಉತ್ಪಾದಕರ ಸಂಘ, ಪತ್ತಿನ ಸಂಘ, ಮಾರಾಟ ಸಂಘದ ಜೊತೆ ಸದಸ್ಯರಿಗೆ ಬರುವ ವ್ಯವಹಾರದ ತಕರಾರು ಸಿವಿಲ್ ಕೋರ್ಟಿಗೆ ಹೋಗುವುದಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 70ನೇ ಕಲಂ ಪ್ರಕಾರ ಅದು ಸಹಕಾರ ಇಲಾಖೆಯ ನಿಬಂಧಕರ ಮುಂದೆ ಹೋಗಬೇಕು.

ಎಪಿಎಂಸಿ ಪ್ರಾಂಗಣದಲ್ಲಿ ಮಾರಿದ ಮಾಲಿಗೆ ವ್ಯಾಪಾರಿ ದುಡ್ಡು ಕೊಡದಿದ್ದರೆ ಮೊದಲು ಮಾರುಕಟ್ಟೆ ಸಮಿತಿಯ ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಲೈಸೆನ್ಸ್ ಉಳಿಸಿಕೊಳ್ಳುವ ಚಿಂತೆ ವ್ಯಾಪಾರಿಗೂ ಇರುತ್ತದೆ.

ನೀವು ಎಣ್ಣೆ ಗಾಣ, ಮಸಾಲೆ ಪುಡಿ, ನೇಯ್ಗೆ, ಇಟ್ಟಿಗೆ ಇಂಥ ಸಣ್ಣ ಉದ್ಯಮ ನಡೆಸುತ್ತಿದ್ದು ಪಟ್ಟಣದ ಕಂಪನಿಗೆ ಮಾಲು ಕೊಟ್ಟಿದ್ದರೆ ಬಲವಾದ ಕಾಯ್ದೆಯೊಂದು ನಿಮ್ಮ ಕಡೆ ಇದೆ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆ ಪ್ರಕಾರ ಖರೀದಿದಾರರು, ಕರಾರಿನಲ್ಲಿ ಏನೇ ಬರೆದಿದ್ದರೂ, ಮಾಲು ಒಪ್ಪಿಕೊಂಡ 45 ದಿನದೊಳಗೆ ಹಣ ಕೊಡಬೇಕು. ಗಡುವಿನ ಮಾತೇ ಆಗಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತಿಂಗಳ ಲೆಕ್ಕದಲ್ಲಿ. ಖರೀದಿದಾರರು ದೇಶದ ಯಾವ ಮೂಲೆಯಲ್ಲಿದ್ದರೂ ಇಂಥ ಬಾಕಿಯ ತಕರಾರು ತೀರ್ಮಾನಿಸುವ ನಿಮ್ಮ ಭಾಗದ ಸೌಲಭ್ಯ ಮಂಡಳಿಗೇ ಅರ್ಜಿ ಹಾಕಬಹುದು. ಆನ್‌ಲೈನ್ ಅರ್ಜಿಗೂ ಅವಕಾಶವಿದೆ. ಮಂಡಳಿಯ ತೀರ್ಪನ್ನು ಖರೀದಿದಾರರು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಮೊದಲು ಮೊತ್ತದ ಶೇ 75ರಷ್ಟು ಠೇವಣಿ ಇಡಬೇಕು. ಆದರೆ ಉದ್ಯಮ್ ನೋಂದಣಿ, ಅಂದರೆ ಸರ್ಕಾರದಲ್ಲಿ ಸಣ್ಣ ಉದ್ಯಮ ಅಂತ ಹೆಸರು ದಾಖಲಿಸುವುದು, ಮಾಲು ಕೊಡುವ ಮೊದಲೇ ಆಗಿರುವುದು ಒಳ್ಳೆಯದು. ತಕರಾರು ಆದ ಮೇಲೆ ನೋಂದಣಿ ಮಾಡಿಸಿ ಹಳೆಯ ಬಾಕಿಗೆ ಈ ಕಾಯ್ದೆ ಹಿಡಿದು ಹೋದವರಿಗೆ ಕೋರ್ಟುಗಳಲ್ಲಿ ತೊಡಕಾಗಿದೆ. ನೋಂದಣಿ ಉಚಿತ. ಇವತ್ತೇ ಮಾಡಿಸಿಬಿಡಿ. ಬರೀ ಕೊಂಡು ಮಾರುವ ವ್ಯಾಪಾರ ಆದರೆ ಈ ಬಾಕಿ ವಸೂಲಿಯ ಸೌಲಭ್ಯ ಸಿಗುತ್ತದೆಯೇ ಅಂತ ವಕೀಲರನ್ನು ಕೇಳಿಕೊಂಡೇ ಮುಂದುವರಿಯಿರಿ.

ಬೀಜದ ವಿಷಯಕ್ಕೆ ಬರೋಣ. 'ರೈತರು ಬೆಳೆ ಮಾರುತ್ತಾರೆ, ಹಾಗಾಗಿ ಗ್ರಾಹಕರಲ್ಲ' ಅಂತ ಕಂಪನಿಗಳು ವಾದಿಸುತ್ತಿದ್ದವು. ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಅದನ್ನು ಒಪ್ಪಲಿಲ್ಲ. ರೈತರು ಗ್ರಾಹಕ ವೇದಿಕೆಗೆ ಹೋಗಬಹುದು. ಮೊಳಕೆ ಬರದಿದ್ದರೆ ಹೊಲ ಉಳುವ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಬರೆದುಕೊಟ್ಟು ಕೃಷಿ ಅಧಿಕಾರಿಗಳಿಂದ ಸ್ಥಳ ಪರಿಶೀಲನೆ ಮಾಡಿಸಿ, ವರದಿ ಪಡೆಯಿರಿ. ಬಿಲ್ಲು, ಚೀಲ, ಟ್ಯಾಗು, ಉಳಿದ ಒಂದು ಹಿಡಿ ಬೀಜ ಜೋಪಾನ ಮಾಡಿ. ಮರುಬಿತ್ತನೆ ಆದ ಮೇಲೆ ಪುರಾವೆ ಮಣ್ಣಲ್ಲೇ ಹೋಯಿತು. ಕೊಟ್ಟ ಬೆಲೆ 50 ಲಕ್ಷ ರೂಪಾಯಿವರೆಗಿದ್ದರೆ ದೂರು ಜಿಲ್ಲಾ ಆಯೋಗಕ್ಕೆ, 5 ಲಕ್ಷದವರೆಗೆ ಶುಲ್ಕವಿಲ್ಲ.

ವ್ಯಾಪಾರಿಗಳ ನಡುವಿನ ವಾಣಿಜ್ಯ ವಿವಾದ 3 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಾಣಿಜ್ಯ ನ್ಯಾಯಾಲಯದ ಕಾಯ್ದೆ ಬರುತ್ತದೆ. ಅಲ್ಲಿ ತುರ್ತು ತಡೆಯಾಜ್ಞೆ ಬೇಕಿಲ್ಲದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಪೊಲೀಸ್ ಠಾಣೆಗೆ ಓಡುವುದು ನಮ್ಮಲ್ಲಿ ಮೊದಲ ಯೋಚನೆ. ಬರೀ ಬಾಕಿ ವಸೂಲಿ ಪೊಲೀಸರ ಕೆಲಸವಲ್ಲ. 'ಇದು ಸಿವಿಲ್ ಸ್ವರೂಪದ್ದು' ಅಂತ ಹಿಂಬರಹ ಕೊಟ್ಟು ಕಳಿಸುತ್ತಾರೆ. ಶುರುವಿನಿಂದಲೇ ಮೋಸದ ಉದ್ದೇಶ ಇತ್ತು, ನಕಲಿ ಸಹಿ ಹಾಕಿದ್ದಾರೆ, ನಂಬಿ ಕೊಟ್ಟ ಮಾಲನ್ನು ನುಂಗಿದ್ದಾರೆ, ಬೆದರಿಕೆ ಹಾಕಿದ್ದಾರೆ ಅನ್ನುವುದಿದ್ದರೆ ಮಾತ್ರ ಅಲ್ಲಿ ಕೆಲಸ. ಮೀಟರ್ ಬಡ್ಡಿಯವರೋ ಮೈಕ್ರೊಫೈನಾನ್ಸಿನವರೋ ಮನೆ ಮುಂದೆ ನಿಂತು ಕಿರುಕುಳ ಕೊಡುತ್ತಿದ್ದರೆ ಅದು ಬೇರೆ ಮಾತು. ಇಂಥ ಬಲವಂತದ ವಸೂಲಿ ತಡೆಯಲು 2025ರಲ್ಲಿ ಕರ್ನಾಟಕ ಪ್ರತ್ಯೇಕ ಕಾನೂನು ತಂದಿದೆ. ಅಲ್ಲಿ ಠಾಣೆಗೆ ಹೋಗಲು ಹಿಂಜರಿಯಬೇಡಿ.

ಹಂತ 6: ವಕೀಲರನ್ನು ಹುಡುಕಿ

ದುಡ್ಡಿಲ್ಲ ಅಂತ ನಿಲ್ಲಬೇಡಿ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಜಿಲ್ಲಾ ಕೇಂದ್ರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ. ನೆರೆ, ಬರದಂಥ ವಿಕೋಪಕ್ಕೆ ಸಿಕ್ಕವರಿಗೂ ಇದೆ. ಉಳಿದವರಿಗೆ ಆದಾಯ ಮಿತಿ ಇದೆ. ರಾಷ್ಟ್ರೀಯ ಸಹಾಯವಾಣಿ 15100. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ನಡೆಸುವ ಉಪ್ಪಿನಕಾಯಿ, ರೊಟ್ಟಿ, ಹಪ್ಪಳದ ವ್ಯಾಪಾರದಲ್ಲಿ ಬಾಕಿ ಉಳಿಸಿಕೊಂಡವರು ಎಷ್ಟೋ ಜನ. ಆ ಹೆಣ್ಣುಮಕ್ಕಳಿಗೆ ಈ ಹಕ್ಕು ಪೂರ್ತಿ ಇದೆ ಎಂಬ ಸುದ್ದಿ ಇನ್ನೂ ಮನೆಮನೆಗೆ ಮುಟ್ಟಬೇಕು. ಹಳ್ಳಿಯ ಸಾಮಾನ್ಯ ಸೇವಾ ಕೇಂದ್ರದಿಂದ ಟೆಲಿ-ಲಾ ಮೂಲಕ ವಕೀಲರ ಜೊತೆ ಮಾತಾಡುವ ಏರ್ಪಾಡೂ ಇದೆ.

ಸ್ವಂತ ಖರ್ಚಿನಲ್ಲಿ ಹೋಗುವವರು ಒಂದು ವಿಷಯ ನೆನಪಿಡಿ. ತಾಲ್ಲೂಕಿನಲ್ಲಿ ವಕೀಲರ ಸಂಘ ಚಿಕ್ಕದು. ನೀವು ಹೋದವರೇ ಎದುರು ಪಕ್ಷದ ಹಳೆಯ ವಕೀಲರೂ ಆಗಿರಬಹುದು, ನೆಂಟರೂ ಆಗಿರಬಹುದು. ಕಥೆ ಶುರುಮಾಡುವ ಮೊದಲು ಎದುರಿನವರ ಹೆಸರು ಹೇಳಿ, 'ಸಾರ್, ನೀವು ಅವರ ಕೇಸು ಏನಾದರೂ ನೋಡುತ್ತಿದ್ದೀರಾ?' ಅಂತ ಕೇಳಿ. ಇದರಲ್ಲಿ ಸಂಕೋಚ ಬೇಡ, ಒಳ್ಳೆಯ ವಕೀಲರು ತಾವೇ ಹೇಳುತ್ತಾರೆ. ಬೇಕಾದರೆ ಪಕ್ಕದ ತಾಲ್ಲೂಕಿಗೆ ಹೋಗಿ.

ಸಲಹೆಗೆ ಎಷ್ಟು, ನೋಟಿಸಿಗೆ ಎಷ್ಟು, ದಾವೆ ಆದರೆ ಕೋರ್ಟ್ ಶುಲ್ಕ ಎಷ್ಟು, ವಕೀಲರ ಫೀಸು ಎಷ್ಟು ಅಂತ ಬೇರೆಬೇರೆಯಾಗಿ ಕೇಳಿ ಬರೆದುಕೊಳ್ಳಿ. 'ಗೆದ್ದ ಮೇಲೆ ಬಂದದ್ದರಲ್ಲಿ ಪಾಲು ಕೊಡಿ' ಎಂಬ ಒಪ್ಪಂದವನ್ನು ವಕೀಲರ ಪರಿಷತ್ತಿನ ನಿಯಮ ಒಪ್ಪುವುದಿಲ್ಲ. ಸಲಹೆಗೆ ಮಾತ್ರ ಬಂದಿದ್ದರೆ ವಕಾಲತ್ತಿಗೆ, ಅಂದರೆ ನಿಮ್ಮ ಪರ ಕೋರ್ಟಿನಲ್ಲಿ ನಿಲ್ಲಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಅವತ್ತೇ ಸಹಿ ಹಾಕಬೇಕಾಗಿಲ್ಲ.

ಹಂತ 7: ಭೇಟಿಯಲ್ಲಿ ಏನು ಕೇಳಬೇಕು

'ನಾನು ಗೆಲ್ಲುತ್ತೇನಾ?' ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕಿಂತ 'ಗೆದ್ದರೆ ದುಡ್ಡು ಹೇಗೆ ಬರುತ್ತದೆ?' ಅಂತ ಕೇಳಿ. ಡಿಕ್ರಿ, ಅಂದರೆ ಕೋರ್ಟಿನ ತೀರ್ಪಿನ ಆದೇಶ, ಬಂದ ಮೇಲೆ ಅದನ್ನು ಜಾರಿ ಮಾಡಿಸುವ ಅಮಲ್ಜಾರಿ ಎಂಬ ಇನ್ನೊಂದು ಹಂತ ಇದೆ. ರೈತರ ಉಳುಮೆ ಸಾಮಾನು, ಬೇಸಾಯದ ಎತ್ತು, ಅವರು ವಾಸಿಸುವ ಮನೆ ಇಂಥವನ್ನು ಸಾಮಾನ್ಯವಾಗಿ ಜಪ್ತಿ ಮಾಡಲು ಬರುವುದಿಲ್ಲ. ಎದುರಿನವರ ಹೆಸರಲ್ಲಿ ಏನೂ ಇಲ್ಲ ಅಂತಾದರೆ ಐದು ವರ್ಷ ಕೋರ್ಟಿಗೆ ಅಲೆಯುವುದಕ್ಕಿಂತ ಕಂತಿನ ರಾಜಿ ಮೇಲು. ಅದನ್ನು ಮೊದಲ ದಿನವೇ ತಿಳಿದುಕೊಳ್ಳುವುದು ಒಳ್ಳೆಯದಲ್ವಾ?

ಇನ್ನು, ನನ್ನ ಕೊನೆಯ ದಿನಾಂಕ ಯಾವುದು ಅಂತ ಕೇಳಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಯಾವ ಪುರಾವೆ ಕಡಿಮೆ ಇದೆ ಅಂತ ಕೇಳಿ. ಅವರ ಕಡೆ ವಕೀಲರಾಗಿದ್ದರೆ ನೀವು ಏನು ವಾದಿಸುತ್ತಿದ್ದಿರಿ ಅಂತಲೂ ಕೇಳಿ. ಈ ಪ್ರಶ್ನೆಗೆ ಸಿಗುವ ಉತ್ತರವೇ ಆ ಭೇಟಿಯ ದೊಡ್ಡ ಲಾಭ.

ಜೆಸಿಬಿ ಸ್ನೇಹಿತರಂಥ ಪಾಲುದಾರಿಕೆ ಇದ್ದರೆ ಒಂದು ತೊಡಕು ಕೇಳಿ ತಿಳಿಯಿರಿ. ಪಾಲುದಾರಿಕೆ ಸಂಸ್ಥೆ ನೋಂದಣಿ ಆಗಿಲ್ಲದಿದ್ದರೆ, 1932ರ ಕಾಯ್ದೆಯ 69ನೇ ಕಲಂ ಪ್ರಕಾರ, ಕರಾರಿನ ಬಾಕಿಗೆ ಹೊರಗಿನವರ ಮೇಲೆ ಸಂಸ್ಥೆ ದಾವೆ ಹಾಕಲಾಗದು. ಪಾಲುದಾರರ ಮೇಲೆ ಪಾಲುದಾರರು ಹಾಕುವುದಕ್ಕೂ ಅಡ್ಡಿ ಇದೆ. ಸಂಸ್ಥೆ ವಿಸರ್ಜಿಸಿ ಲೆಕ್ಕ ಕೊಡಿ ಅಂತ ಮಾತ್ರ ಕೇಳಬಹುದು. ದಾವೆಗೆ ಮೊದಲು ನೋಂದಣಿ ಮಾಡಿಸಿದರೆ ತೊಡಕು ಬಿಡುತ್ತದೆ. ಆದರೆ ನೋಂದಣಿಗೆ ಎಲ್ಲ ಪಾಲುದಾರರ ಸಹಿ ಬೇಕು. ಜಗಳ ಬೆಳೆದ ಮೇಲೆ ಅವರು ಸಹಿ ಹಾಕುತ್ತಾರೆಯೇ?

ಹೊಲ ಗೇಣಿಗೆ ಹಿಡಿದು ಕೋಳಿ ಶೆಡ್, ನರ್ಸರಿ ಮಾಡಿದವರೂ ಎಚ್ಚರದಿಂದ ಕೇಳಬೇಕು. ಕರ್ನಾಟಕ ಭೂಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಗೇಣಿಗೆ ಕೊಡಲು ಸಾಮಾನ್ಯವಾಗಿ ನಿಷೇಧವಿದೆ. ಹಾಗಾಗಿ ನಿಮ್ಮ ಕೈಯಲ್ಲಿರುವ ಗೇಣಿ ಕರಾರು ಕೋರ್ಟಿನಲ್ಲಿ ನಿಮಗೇ ತಿರುಗಿ ಬೀಳಬಹುದು. ನೋಟಿಸ್ ಕಳಿಸುವ ಮೊದಲೇ ಇದನ್ನು ವಕೀಲರ ಮುಂದೆ ಬಿಚ್ಚಿಡಿ.

ಹಂತ 8: ನೋಟಿಸ್ ಕೊಡುವಾಗ, ಬಂದಾಗ

ಎಲ್ಲದಕ್ಕೂ ಖಾರದ ನೋಟಿಸ್ ಬೇಡ. ಮೊದಲು ನಿಮ್ಮದೇ ಸಹಿಯ ಮರ್ಯಾದೆಯ ಪತ್ರವೊಂದು ಸಾಕಾಗಬಹುದು. ಕರಡನ್ನು ವಕೀಲರೇ ನೋಡಿಕೊಡಲಿ. ಬಾಕಿ ಎಷ್ಟು, ಯಾವ ಯಾವ ತಾರೀಕಿನ ಮಾಲಿಗೆ, ಯಾವತ್ತಿನೊಳಗೆ ಕೊಡಬೇಕು ಅಂತ ಮಾತ್ರ ಬರೆಯಿರಿ. ಬೈಗುಳ, ಜಾತಿ, ಮನೆತನದ ಮಾತು ಒಂದಕ್ಷರವೂ ಬೇಡ. ಅಂಚೆಯಲ್ಲಿ ಕಳಿಸಿ, ತಲುಪಿದ ದಾಖಲೆ ಇಟ್ಟುಕೊಳ್ಳಿ. ಸರ್ಕಾರಿ ಇಲಾಖೆ ಮೇಲೆ ದಾವೆ ಹಾಕುವುದಿದ್ದರೆ ಸಾಮಾನ್ಯವಾಗಿ 2 ತಿಂಗಳ ಮುಂಚಿತ ನೋಟಿಸ್ ಬೇಕು. ಗುತ್ತಿಗೆ ಕೆಲಸ ಮಾಡಿದವರು ಆ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ನಿಮಗೇ ನೋಟಿಸ್ ಬಂದರೆ ತೆಗೆದುಕೊಳ್ಳದೆ ವಾಪಸ್ ಕಳಿಸಬೇಡಿ. ಸರಿಯಾದ ವಿಳಾಸಕ್ಕೆ ಬಂದ ಅಂಚೆಯನ್ನು ಬೇಕೆಂದೇ ನಿರಾಕರಿಸಿದರೆ ತಲುಪಿದಂತೆಯೇ ಲೆಕ್ಕ. ಉತ್ತರ ಕೊಡದೆ ಸುಮ್ಮನಿದ್ದರೆ 'ಒಪ್ಪಿಕೊಂಡರು' ಎಂಬ ವಾದಕ್ಕೆ ಜಾಗ ಕೊಟ್ಟಂತೆ. ಸಮನ್ಸ್ ಬಂದರೆ ಪ್ರತಿವಾದಪತ್ರಕ್ಕೆ 30 ದಿನ, ಕೋರ್ಟ್ ಒಪ್ಪಿದರೆ ಸಾಮಾನ್ಯ ದಾವೆಯಲ್ಲಿ 90 ದಿನದವರೆಗೆ. ಎದುರಿನವರು ನಿಮ್ಮ ಗೈರಿನಲ್ಲಿ ತಡೆಯಾಜ್ಞೆ ತರುತ್ತಾರೆ ಅನ್ನುವ ಅನುಮಾನ ಇದ್ದರೆ ಮೊದಲೇ ಕೇವಿಯಟ್ ಹಾಕಿಸಿ. ಅದು 90 ದಿನ ಇರುತ್ತದೆ. ಆ ಅವಧಿಯಲ್ಲಿ ನಿಮಗೆ ತಿಳಿಸದೆ ಆದೇಶ ಆಗಬಾರದು.

ಹಂತ 9: ರಾಜಿ ಮಾಡಿಕೊಳ್ಳುವುದಿದ್ದರೆ

ಊರ ಹಿರಿಯರ ಪಂಚಾಯಿತಿಗೆ ಬೆಲೆ ಇದೆ. ಅದನ್ನು ಬಿಡಿ ಅಂತ ನಾನು ಹೇಳುವುದಿಲ್ಲ. ವಕೀಲರ ಸಲಹೆ ಪಡೆದು ಆಮೇಲೆ ಕಟ್ಟೆಗೆ ಹೋಗಿ ಅಂತ ಹೇಳುತ್ತೇನೆ. ಎಷ್ಟು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ನಿಮಗೆ ಗೊತ್ತಿರುತ್ತದೆ.

ಮಾತು ಮುಗಿದ ಮೇಲೆ ಬರೆಯದೆ ಏಳಬೇಡಿ. ಮೊತ್ತ, ಕಂತಿನ ತಾರೀಕು, ತಪ್ಪಿದರೆ ಏನು, ಹಳೆಯ ಚೆಕ್ಕು ಪ್ರೋನೋಟು ಯಾವಾಗ ವಾಪಸ್, ಎಲ್ಲ ಬರೆದು ಇಬ್ಬರೂ ಸಹಿ ಹಾಕಿ, ಸಾಕ್ಷಿ ಹಾಕಿಸಿ. ಇದು ನಿಮ್ಮ 3 ವರ್ಷದ ಗಡುವಿಗೂ ಆಧಾರ ಆಗುತ್ತದೆ.

ಇನ್ನೂ ಗಟ್ಟಿ ಬೇಕಾದರೆ ರಾಜಿಯಲ್ಲೇ ಇತ್ಯರ್ಥ ಮಾಡುವ ಲೋಕ ಅದಾಲತ್ ಇದೆ. ಕೋರ್ಟಿನಲ್ಲಿ ಕೇಸು ಇರಲೇಬೇಕು ಅಂತಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟರೆ ವ್ಯಾಜ್ಯಪೂರ್ವ ಪ್ರಕರಣ ಅಂತ ತೆಗೆದುಕೊಳ್ಳುತ್ತಾರೆ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ಮೇಲ್ಮನವಿ ಇಲ್ಲ. ಮಾತು ತಪ್ಪಿದರೆ ನೇರವಾಗಿ ಅಮಲ್ಜಾರಿಗೆ ಹೋಗಬಹುದು. ಕೋರ್ಟಿನಲ್ಲಿದ್ದ ದಾವೆ ಅಲ್ಲಿ ಇತ್ಯರ್ಥವಾದರೆ ಕಟ್ಟಿದ ಕೋರ್ಟ್ ಶುಲ್ಕ ವಾಪಸ್ ಬರುತ್ತದೆ. ಮೇಲ್ಮನವಿ ಇಲ್ಲವಾದ್ದರಿಂದ ಅರ್ಥವಾಗದ ಷರತ್ತಿಗೆ ಸಹಿ ಮಾಡಬೇಡಿ. ಕನ್ನಡದಲ್ಲಿ ಓದಿಸಿ ಕೇಳಿ.

ಹಂತ 10: ಮುಂದಿನ ವ್ಯವಹಾರಕ್ಕೆ ಕಾಗದ

ವಕೀಲರ ಹತ್ತಿರ ಹೋದ ದಿನವೇ ಮುಂದಿನ ವರ್ಷದ ಚೇಣಿಗೆ, ಬಾಡಿಗೆಗೆ, ಪಾಲಿಗೆ ಒಂದು ಮಾದರಿ ಕರಾರು ಬರೆಸಿಕೊಳ್ಳಿ. ಎರಡು ಪುಟ ಸಾಕು. ತೂಕ ಯಾರ ತಕ್ಕಡಿಯಲ್ಲಿ, ರೇಟು ಯಾವ ದಿನದ ಯಾವ ಮಾರುಕಟ್ಟೆಯದ್ದು, ದುಡ್ಡು ಯಾವತ್ತಿನೊಳಗೆ, ಮಳೆಗೆ ಮಾಲು ಕೆಟ್ಟರೆ ನಷ್ಟ ಯಾರದ್ದು, ತಕರಾರು ಬಂದರೆ ಯಾವ ಊರಿನ ಕೋರ್ಟು. ಸರಿಯಾದ ಮೊತ್ತದ ಇ-ಸ್ಟ್ಯಾಂಪ್ ಮೇಲೆ ಬರೆಸಿ. ಸ್ಟ್ಯಾಂಪು ಕಡಿಮೆ ಇದ್ದರೆ ಸುಂಕ ಮತ್ತು ಹತ್ತು ಪಟ್ಟಿನವರೆಗಿನ ದಂಡ ಕಟ್ಟುವ ತನಕ ಆ ಪತ್ರವನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಮಳಿಗೆ ಬಾಡಿಗೆ ಒಂದು ವರ್ಷ ಮೀರಿದ್ದರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಆಗಬೇಕು. ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ, ಫೋನಿನಲ್ಲೂ ಫೋಟೊ ಇರಲಿ. ಮುಂಗಡ ಕೈಯಲ್ಲಿ ಕೊಡದೆ ಬ್ಯಾಂಕ್ ಮೂಲಕ ಕಳಿಸಿ, ಯಾವುದಕ್ಕೆ ಅಂತ ಅಲ್ಲೇ ಬರೆಯಿರಿ.